ಪುರದ ಆರೋಗ್ಯವೂ ಪುರಜನರ ಕಾಯಕವೂ

(ಕೊಕಟನೂರದ ಸದ್ಭಕ್ತರ ಸಭೆಯಲ್ಲಿ ನಡೆದ ಉಪನ್ಯಾಸ)



ಮಠದ ಮಹೋತ್ಸವವೆಂದರೆ ಕಳೆದ ವರುಷಗಳ ಲೆಕ್ಕವನ್ನು ಭಕ್ತರ ಮುಂದೆ ಒಪ್ಪಿಸುವ ಸಮಯ. ಎಷ್ಟು ಕಟ್ಟಡಗಳಾದವು, ಎಷ್ಟು ವಿದ್ಯಾರ್ಥಿಗಳು ಪ್ರಸಾದನಿಲಯದಲ್ಲಿ ಉಂಡು ಕಲಿತರು, ಎಷ್ಟು ಸಾವಿರ ಜನರಿಗೆ ದಾಸೋಹ ನಡೆಯಿತು ಎಂಬ ಲೆಕ್ಕವು ಇಂಥ ಸಂದರ್ಭದಲ್ಲಿ ಸಹಜವಾಗಿಯೇ ಹೊರಬರುವದು. ಆದರೆ ಯಾವ ಪುಸ್ತಕದಲ್ಲಿಯೂ ಬರೆದಿಡದ ಇನ್ನೊಂದು ಲೆಕ್ಕವುಂಟು. ದಾಸೋಹದಲ್ಲಿ ಉಂಡವರು ಮನೆಗೆ ಮರಳಿ ಸುಖವಾಗಿದ್ದರೋ ಇಲ್ಲವೋ? ಜಾತ್ರೆಯಲ್ಲಿ ನೀರು ಕುಡಿದ ಕೂಸಿಗೆ ಮೂರನೆಯ ದಿವಸ ಏನಾಯಿತು? ಪಂಕ್ತಿ ಎದ್ದ ಮೇಲೆ ಪತ್ರಾವಳಿಗಳು ಎಲ್ಲಿಗೆ ಹೋದವು, ಅವುಗಳನ್ನು ಎತ್ತಿದವರು ಯಾರು, ಅವರಿಗೆ ಕೈ ತೊಳೆಯಲು ನೀರು ಸಿಕ್ಕಿತೆ? ಈ ಲೆಕ್ಕವನ್ನು ತೆಗೆದು ನೋಡುವದೇ ಈ ಉಪನ್ಯಾಸದ ಉದ್ದೇಶ.

ಕೊಕಟನೂರವು ಅಥಣಿ ತಾಲೂಕಿನ ಒಂದು ಹಳ್ಳಿ. ನಗರಗಳ ಆರೋಗ್ಯದ ಮಾತು ಇಲ್ಲಿಗೇಕೆಂದು ಯಾರಾದರೂ ಕೇಳಬಹುದು. ಯಲ್ಲಮ್ಮದೇವಿಯ ಜಾತ್ರೆ ಕೂಡಿದ ಕಾಲದಲ್ಲಿ ಈ ಊರನ್ನು ಕಂಡವರು ಆ ಪ್ರಶ್ನೆಯನ್ನು ಕೇಳಲಾರರು. ಆಗ ಹಳ್ಳಿಯೇ ಕೆಲವು ದಿವಸಗಳ ಮಟ್ಟಿಗೆ ನಗರವಾಗುವದು. ನಗರದ ಜನಸಂದಣಿಯು ಒಂದೇ ರಾತ್ರಿಯಲ್ಲಿ ಬಂದು ಇಳಿಯುವದು. ಆದರೆ ನಗರದ ನಳ, ಗಟಾರ, ಪಾಯಖಾನೆಗಳು ಅಷ್ಟು ಬೇಗ ಬರಲಾರವು. ಇನ್ನು ಅಥಣಿ, ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಕಾಗವಾಡಗಳು ಬೆಳೆಯುತ್ತಿರುವ ಪಟ್ಟಣಗಳು. ಹಳ್ಳಿಯ ಮಕ್ಕಳು ಅಲ್ಲಿ ಮನೆ ಮಾಡುತ್ತಿದ್ದಾರೆ. ಪಟ್ಟಣದ ಬೇನೆಯು ಅವರೊಡನೆ ಹಬ್ಬಕ್ಕೆ ಹಳ್ಳಿಗೆ ಬರುತ್ತದೆ. ಆದುದರಿಂದ ಪಟ್ಟಣದ ಆರೋಗ್ಯವೆಂಬದು ಪಟ್ಟಣಿಗರಿಗಷ್ಟೇ ಸೇರಿದ ವಿಷಯವಾಗಿ ಉಳಿದಿಲ್ಲ.

ಇಲ್ಲಿ ಹೇಳತಕ್ಕ ಮಾತು ಒಂದೇ. ಊರಿನ ಆರೋಗ್ಯವು ಎರಡು ಕೈಗಳಿಂದ ಎತ್ತತಕ್ಕ ಭಾರವು. ಒಂದು ಕೈ ಸರಕಾರದ್ದು ಮತ್ತು ವೈದ್ಯಶಾಸ್ತ್ರದ್ದು. ಇನ್ನೊಂದು ಕೈ ಓಣಿಯ ಜನರದು. ಒಂದು ಕೈ ಬಿಟ್ಟರೆ ಭಾರವು ಬೀಳುವದು. ಬಿದ್ದಾಗ ಮೊದಲು ಅದರ ಕೆಳಗೆ ಸಿಕ್ಕುವವನು ಬಡವನು.

ಮೊದಲು ಒಂದು ಭ್ರಾಂತಿಯನ್ನು ದೂರ ಮಾಡಬೇಕು. ಶುಚಿತ್ವವು ನಮ್ಮ ನಾಡಿನ ಜನರಿಗೆ ಹೊಸದಾಗಿ ಕಲಿಸತಕ್ಕ ಗುಣವಲ್ಲ. ಬೆಳಗಿನಲ್ಲಿ ಅಂಗಳ ಗುಡಿಸಿ ಸೆಗಣಿಯಿಂದ ಸಾರಿಸಿ ರಂಗೋಲಿ ಹಾಕದ ಮನೆಯನ್ನು ಹುಡುಕಬೇಕಾದೀತು. ಆದರೆ ಆ ಅಂಗಳದ ಕಸವು ಓಣಿಗೆ ಹೋಗುವದು. ಬಚ್ಚಲ ನೀರು ನೆರೆಯವನ ಗೋಡೆಯ ಬುಡಕ್ಕೆ ಹರಿಯುವದು. ಮನೆಯ ಶುಚಿಯು ಓಣಿಯ ಹೊಲಸಾಗಿ ಪರಿಣಮಿಸಿದರೆ ಅದನ್ನು ಶುಚಿಯೆಂದು ಕರೆಯುವದು ಹೇಗೆ? ನೊಣಕ್ಕೆ ಮನೆಯ ಹೊಸ್ತಿಲು ಅಡ್ಡವಾಗದು. ಗಟಾರದ ನೀರು ಬಾವಿಗೆ ಇಳಿಯುವಾಗ ಆ ಬಾವಿಯ ಒಡೆಯನ ಕುಲವನ್ನು ಕೇಳುವದಿಲ್ಲ. ಸ್ವಂತದ ಶುಚಿಯನ್ನು ಊರಿನ ಶುಚಿಯಾಗಿ ಬೆಳೆಸುವದೇ ಸಾರ್ವಜನಿಕ ಆರೋಗ್ಯವೆಂಬ ಶಾಸ್ತ್ರದ ಮೂಲವು.

ಪುರಸಭೆಗಳು ಈ ಕೆಲಸಕ್ಕಾಗಿಯೇ ಹುಟ್ಟಿದವು. ಅವು ಹುಟ್ಟಿದ ಬಗೆಯನ್ನು ಇಂದು ಬಹಳ ಜನರು ಮರೆತಿದ್ದಾರೆ. ಕಂಪನಿ ಸರಕಾರದ 1850ನೆಯ ಇಸವಿಯ 26ನೆಯ ಕಾಯದೆಯು ಪಟ್ಟಣಗಳ ಸುಧಾರಣೆಗೆಂದು ಬಂದಿತು. ಆ ಕಾಯದೆಯನ್ನು ಯಾವ ಊರಿನ ಮೇಲೆಯೂ ಬಲವಂತವಾಗಿ ಹೇರುವಂತಿರಲಿಲ್ಲ; ಊರಿನ ನಿವಾಸಿಗಳು ತಮಗೆ ಅದು ಬೇಕೆಂದು ಇಚ್ಛಿಸಿದಲ್ಲಿ ಮಾತ್ರ ಜಾರಿಗೆ ಬರುತ್ತಿತ್ತು. ಮುಂಬಯಿ ಇಲಾಖೆಯಲ್ಲಿ ಅದಕ್ಕೆ ಹೆಚ್ಚಿನ ಸ್ವಾಗತ ದೊರೆಯಿತು. ಬೆಳಗಾವಿಯ ಪುರಸಭೆಯು 1851ರಲ್ಲಿ, ಹುಬ್ಬಳ್ಳಿಯದು 1855ರಲ್ಲಿ, ಧಾರವಾಡದ್ದು 1856ರಲ್ಲಿ ಏರ್ಪಟ್ಟವು. ಎಂದರೆ ಪುರಸಭೆಯ ಬೇರು ಊರಜನರ ಇಚ್ಛೆಯಲ್ಲಿದೆ. ಕಾಲಕ್ರಮದಲ್ಲಿ ಅದು ಕಚೇರಿಯಾಯಿತು, ಕಚೇರಿಯು ಸರಕಾರವೆನಿಸಿತು, ಸರಕಾರವು ಪರರದೆನಿಸಿತು. ಇಂದಿಗೂ ಓಣಿಯ ಗಟಾರ ತುಂಬಿದರೆ “ಪುರಸಭೆಯವರು ನೋಡಿಕೊಳ್ಳಲಿ” ಎಂಬ ಮಾತು ಬಾಯಿಂದ ಬರುವದು; ಆ ಪುರಸಭೆಯವರು ತಾವೇ ಎಂಬ ಅರಿವು ಮಾತ್ರ ಬರುವದಿಲ್ಲ. 1993ರ ಜೂನ್ 1ರಿಂದ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ಕುಡಿಯುವ ನೀರು, ಸಾರ್ವಜನಿಕ ಆರೋಗ್ಯ, ನೈರ್ಮಲ್ಯ, ಕಸದ ವಿಲೇವಾರಿ ಇವೆಲ್ಲವನ್ನೂ ನಗರ ಸಂಸ್ಥೆಗಳಿಗೆ ಸೇರತಕ್ಕ ವಿಷಯಗಳ ಪಟ್ಟಿಯಲ್ಲಿ ಎಣಿಸಿತು. 3 ಲಕ್ಷ ಅಥವಾ ಅದಕ್ಕೆ ಮಿಕ್ಕ ಜನಸಂಖ್ಯೆಯುಳ್ಳ ನಗರಗಳಲ್ಲಿ ವಾರ್ಡ್ ಸಮಿತಿಗಳಿರತಕ್ಕದ್ದೆಂದೂ ವಿಧಿಸಿತು. ಅಥಣಿಯಂಥ ಚಿಕ್ಕ ಪಟ್ಟಣಗಳಿಗೆ ಆ ಕಟ್ಟಳೆಯಿಲ್ಲ. ಕಟ್ಟಳೆಯಿಲ್ಲದಲ್ಲಿ ಜನರ ಮನಸ್ಸೇ ಕಟ್ಟಳೆಯಾಗಬೇಕು.

ಜನರ ಮನಸ್ಸನ್ನು ಬಿಟ್ಟು ಆರೋಗ್ಯದ ಕೆಲಸ ಮಾಡಹೋದರೆ ಏನಾಗುವದೆಂಬದಕ್ಕೆ ಪ್ಲೇಗಿನ ಇತಿಹಾಸವೇ ಸಾಕ್ಷಿ. 1896ರ ಸಪ್ಟಂಬರದಲ್ಲಿ ಮುಂಬಯಿಯಲ್ಲಿ ಪ್ಲೇಗು ಕಾಣಿಸಿತು. ಮರುವರುಷದ ಫೆಬ್ರುವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯದೆ ಬಂದಿತು. ಪುಣೆಯಲ್ಲಿ ಸೋಲ್ಜರರು ಮನೆಮನೆಗೆ ನುಗ್ಗಿ ತಪಾಸಣೆ ಮಾಡಿದರು. ಅಡಿಗೆಮನೆ, ದೇವರಮನೆಯೆಂಬ ಭೇದವಿಲ್ಲದೆ ಶೋಧಿಸಿದರು. ರೋಗಕ್ಕಿಂತ ಚಿಕಿತ್ಸೆಗೆ ಜನರು ಅಂಜಿದರು. ರೋಗಿಗಳನ್ನು ಬಚ್ಚಿಟ್ಟರು, ಹೆಣಗಳನ್ನು ಮರೆಮಾಡಿದರು. ಬಚ್ಚಿಟ್ಟ ರೋಗವು ಹಬ್ಬಿತು. 1897ರ ಜೂನ್ 22ರಂದು ಅಲ್ಲಿಯ ಪ್ಲೇಗು ಅಧಿಕಾರಿಯಾದ ರ‍್ಯಾಂಡನ ಮೇಲೆ ಗುಂಡು ಹಾರಿತು. ಅದೇ ಪುಣೆಯಲ್ಲಿ ಅದೇ ವರುಷ ಬೇರೊಂದು ದೃಶ್ಯವೂ ಇದ್ದಿತು. ಸಾವಿತ್ರಿಬಾಯಿ ಫುಲೆಯವರು ತಮ್ಮ ಮಗನ ಚಿಕಿತ್ಸಾಲಯದಲ್ಲಿ ಪ್ಲೇಗಿನ ರೋಗಿಗಳ ಶುಶ್ರೂಷೆ ಮಾಡುತ್ತ, ಅದೇ ರೋಗಕ್ಕೆ ತುತ್ತಾಗಿ ಮಾರ್ಚ 10ರಂದು ತೀರಿಕೊಂಡರು. ಲೋಕಮಾನ್ಯ ಟಿಳಕರು ಹಿಂದೂ ಪ್ಲೇಗು ಆಸ್ಪತ್ರೆಯನ್ನು ಹೂಡಿದರು. ಸೋಲ್ಜರನ ಬೂಟಿಗೆ ಬಾಗಿಲು ಮುಚ್ಚಿದ ಜನರು ತಮ್ಮವರ ಕೈಗೆ ಬಾಗಿಲು ತೆರೆದರು.

ಬೇನೆಯು ರೇಲ್ವೆಯ ದಾರಿ ಹಿಡಿದು ಹುಬ್ಬಳ್ಳಿಗೆ ಬಂದಿತು. ಆ ಕಾಲಕ್ಕೆ ಹುಬ್ಬಳ್ಳಿಯು ರೇಲ್ವೆ ಕಾರಖಾನೆಯೂ ನೂಲಿನ ಗಿರಣಿಯೂ ಇದ್ದ ದೊಡ್ಡ ವ್ಯಾಪಾರದ ಪೇಟೆ. ಹಾಫ್ಕಿನ್ ಎಂಬ ವಿಜ್ಞಾನಿಯು ಮುಂಬಯಿಯಲ್ಲಿ ಪ್ಲೇಗಿನ ಲಸಿಕೆಯನ್ನು ಸಿದ್ಧಪಡಿಸಿ, 1897ರ ಜನವರಿಯಲ್ಲಿ ಮೊದಲು ತನ್ನ ಮೈಗೇ ಚುಚ್ಚಿಕೊಂಡಿದ್ದನು. 1898ರಲ್ಲಿ ಹುಬ್ಬಳ್ಳಿಯಲ್ಲಿ ಆ ಲಸಿಕೆಯನ್ನು ಡಾಕ್ಟರ ಲ್ಯೂಮನ್ ಎಂಬವರು ಬೇಸಗೆಯಿಂದ ಮಳೆಗಾಲದವರೆಗೆ 30 ಸಾವಿರಕ್ಕೂ ಮಿಕ್ಕ ಜನರಿಗೆ ಹಾಕಿದರು. ಊರಿನ ಬಹುಪಾಲು ಜನರು ತೋಳು ನೀಡಿದರು. ಧಾರವಾಡ, ಗದಗಗಳ ಕಡೆಗೆ ಮಿಸ್ ಕಾರ್ಥಾರ್ನ್ ಎಂಬ ವೈದ್ಯೆಯು ಅದೇ ಕೆಲಸ ಮಾಡಿದಳು. ತಪಾಸಣೆಗೆ ಬಾಗಿಲು ಒಡೆಯಬಹುದು. ಆದರೆ ಸಾವಿರಾರು ಜನರ ತೋಳುಗಳನ್ನು ಬಲವಂತದಿಂದ ಹಿಡಿದು ಸೂಜಿ ಚುಚ್ಚುವದಾಗದು. ನೆರೆಯವನು ಹಾಕಿಸಿಕೊಂಡು ಬದುಕಿದ್ದನ್ನು ಕಂಡು ಇವನು ಹೋಗಬೇಕು; ಇವನನ್ನು ಕಂಡು ಇನ್ನೊಬ್ಬನು ಹೋಗಬೇಕು. ಲಸಿಕೆಯು ಶಾಸ್ತ್ರದಿಂದ ಹುಟ್ಟಿದರೂ ಓಣಿಯಿಂದ ಓಣಿಗೆ ಹಬ್ಬುವದು ನಂಬಿಗೆಯಿಂದ. ಸರಕಾರವು ಕೂಡ ಅನುಭವದಿಂದ ಕಲಿತು ಬಲಾತ್ಕಾರವನ್ನು ಸಡಿಲಿಸಿ ಸಮಾಧಾನದ ದಾರಿ ಹಿಡಿಯಿತು.

ಹಳ್ಳಿಗರ ಅರಿವೂ ಇಲ್ಲಿ ಕಡಿಮೆಯದಾಗಿರಲಿಲ್ಲ. ಮನೆಯಲ್ಲಿ ಇಲಿ ಬಿದ್ದರೆ ಊರು ಬಿಡಬೇಕೆಂಬದನ್ನು ಅವರು ಕಂಡುಕೊಂಡಿದ್ದರು. ಹೊರಬೀಡಿನ ಪದ್ಧತಿಯು ಮೊದಲೇ ಇದ್ದ ನಾಡಿದು. ಊರಿಗೆ ಊರೇ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿತ್ತು. ಪ್ಲೇಗನ್ನು ಇಲಿಯ ಮೈಮೇಲಿನ ಚಿಗಟವು ಹರಡುವದೆಂದು ಸಿಮೋನ್ ಎಂಬ ಫ್ರೆಂಚ್ ವೈದ್ಯನು ಕರಾಚಿಯಲ್ಲಿ ಕಂಡುಹಿಡಿದದ್ದು 1898ರಲ್ಲಿ. ಶಾಸ್ತ್ರಜ್ಞರೆಲ್ಲರೂ ಅದನ್ನು ಒಪ್ಪುವದಕ್ಕೆ ಇನ್ನೂ ಕೆಲವು ವರುಷಗಳು ಬೇಕಾದವು. ಕಾರಣವನ್ನು ಅರಿಯದೆಯೂ ಹಳ್ಳಿಯು ತಕ್ಕ ಕಾರ್ಯವನ್ನು ಮಾಡಿತ್ತು. ಆದರೆ ಕಾರಣವನ್ನು ಅರಿಯದ ಕಾರ್ಯಕ್ಕೆ ಮಿತಿಯುಂಟು: ಊರಿಗೆ ಮರಳಿದಾಗ ಇಲಿಗಳೂ ಮರಳುತ್ತಿದ್ದವು, ಬೇನೆಯೂ ಮರಳುತ್ತಿತ್ತು.

ಧರ್ಮಸಂಸ್ಥೆಗೆ ಸೇರಿದವರು ಇಂಥ ಕೆಲಸದಲ್ಲಿ ಏನು ಮಾಡಬಲ್ಲರೆಂಬ ಶಂಕೆ ಕೆಲವರಿಗಿರಬಹುದು. ಅದಕ್ಕೆ ಲಂಡನ್ ನಗರದ ಒಂದು ಪ್ರಸಂಗವು ಉತ್ತರ ಕೊಡುವದು. 1854ರ ಆಗಸ್ಟದ ಕೊನೆಯಲ್ಲಿ ಅಲ್ಲಿಯ ಬ್ರಾಡ್ ಸ್ಟ್ರೀಟ್ ಎಂಬ ಬೀದಿಯ ಸುತ್ತುಮುತ್ತು ವಾಂತಿಭೇದಿ ಎದ್ದು, 616 ಜನರನ್ನು ಬಲಿ ತೆಗೆದುಕೊಂಡಿತು. ಕೆಟ್ಟ ಗಾಳಿಯಿಂದ ರೋಗ ಬರುವದೆಂದು ಆ ಕಾಲದ ದೊಡ್ಡ ದೊಡ್ಡ ವೈದ್ಯರು ನಂಬಿದ್ದರು. ಜಾನ್ ಸ್ನೋ ಎಂಬ ವೈದ್ಯನೊಬ್ಬನು ಮಾತ್ರ, ಇದು ಬೀದಿಯ ಬೋರಂಗಿ ಪಂಪಿನ ನೀರಿನಿಂದ ಬಂದದ್ದೆಂದು ಹೇಳಿದನು. ಅವನ ಮಾತಿನಂತೆ ಸಪ್ಟಂಬರ 8ರಂದು ಪಂಪಿನ ಹಿಡಿಕೆಯನ್ನು ತೆಗೆಯಲಾಯಿತು. ಅಷ್ಟರಲ್ಲಿ ಬೇನೆಯು ತಾನಾಗಿಯೇ ಇಳಿಮುಖವಾಗಿದ್ದರಿಂದ ಅವನ ಮಾತನ್ನು ಹಲವರು ನಂಬಲಿಲ್ಲ. ಆ ಭಾಗದ ಚರ್ಚಿನ ಯುವಕ ಪಾದ್ರಿಯಾದ ಹೆನ್ರಿ ವೈಟ್‌ಹೆಡ್ಡನೂ ನಂಬಲಿಲ್ಲ. ಸ್ನೋನ ಮಾತು ತಪ್ಪೆಂದು ತೋರಿಸುವದಕ್ಕಾಗಿಯೇ ಅವನು ಮನೆಮನೆಗೆ ಹೋಗಿ ವಿಚಾರಿಸತೊಡಗಿದನು. ಅವನಿಗೆ ಆ ಓಣಿಯ ಪ್ರತಿಯೊಂದು ಸಂಸಾರದ ಪರಿಚಯವಿತ್ತು; ಸತ್ತವರ ಹೆಸರಲ್ಲದೆ, ಯಾರು ಯಾವ ನೀರು ಕುಡಿದಿದ್ದರೆಂಬದನ್ನು ಕೇಳಿ ತಿಳಿಯುವ ಸಲಿಗೆಯೂ ಇತ್ತು. ಕೇಳಿದಂತೆಲ್ಲ ತನ್ನ ಮತವೇ ತಪ್ಪು, ವೈದ್ಯನ ಮಾತೇ ನಿಜವೆಂದು ಅವನಿಗೆ ಮನಗಂಡಿತು. ಕೊನೆಗೆ ಬೇನೆಯ ಮೂಲವನ್ನು ಕಂಡುಹಿಡಿದವನೂ ಅವನೇ. ಪಂಪಿಗೆ ಹತ್ತಿದ ಮನೆಯ ಒಂದು ಕೂಸು ಮೊದಲು ಬೇನೆ ಬಿದ್ದಿತ್ತು. ಅದರ ಬಟ್ಟೆ ತೊಳೆದ ನೀರನ್ನು ತಾಯಿಯು ಮನೆಯ ಮಲಕುಂಡಿಗೆ ಚೆಲ್ಲಿದ್ದಳು. ಆ ಕುಂಡಿಗೂ ಬಾವಿಗೂ ನಡುವೆ ಒಂದು ಗಜದಷ್ಟೂ ಅಂತರವಿರಲಿಲ್ಲ. ವೈದ್ಯನ ಶಾಸ್ತ್ರಕ್ಕೆ ಪಾದ್ರಿಯ ಪರಿಚಯವು ಕೂಡಿದ ಮೇಲೆ ಸತ್ಯವು ಪೂರ್ಣವಾಯಿತು.

ಮಠಗಳಿಗೂ ಜಂಗಮರಿಗೂ ಇರುವ ಸಂಪತ್ತು ಇದೇ ಬಗೆಯದು. ಮನೆಮನೆಗೆ ಹೋಗುವ ಪದ್ಧತಿಯು ಜಂಗಮನದು. ಯಾವ ಮನೆಯಲ್ಲಿ ಬಾಣಂತಿಯಿದ್ದಾಳೆ, ಯಾವ ಮನೆಯ ಮುದುಕನು ಎರಡು ದಿವಸದಿಂದ ಎದ್ದಿಲ್ಲ, ಯಾವ ಬಾವಿಯ ನೀರಿಗೆ ವಾಸನೆ ಬಂದಿದೆ ಎಂಬದು ಕಚೇರಿಯ ಕಾಗದಕ್ಕಿಂತ ಮೊದಲು ಅವನಿಗೆ ತಿಳಿಯುವದು. ಆ ತಿಳುವಳಿಕೆಯನ್ನು ಆರೋಗ್ಯ ಇಲಾಖೆಗೆ ಅದೇ ದಿವಸ ಮುಟ್ಟಿಸಿದರೆ ಎಷ್ಟೋ ಜೀವಗಳು ಉಳಿದಾವು.

ಜನರು ಸುದ್ದಿ ಮುಟ್ಟಿಸುವದಕ್ಕಷ್ಟೇ ಯೋಗ್ಯರು, ಚಿಕಿತ್ಸೆಯು ಪಂಡಿತರದೇ ಎಂದು ತಿಳಿಯುವದೂ ಸರಿಯಲ್ಲ. 1971ರಲ್ಲಿ ಪೂರ್ವ ಬಂಗಾಲದಿಂದ ಲಕ್ಷೋಪಲಕ್ಷ ನಿರಾಶ್ರಿತರು ಪಶ್ಚಿಮ ಬಂಗಾಲಕ್ಕೆ ಬಂದರು. ಬನಗಾಂವ್ ಎಂಬಲ್ಲಿ ವಾಂತಿಭೇದಿಯ ರೋಗಿಗಳು ಆಸ್ಪತ್ರೆಯ ನೆಲದ ಮೇಲೆ ಮಲಗಿದ್ದರು. ನರಕ್ಕೆ ಹಾಕುವ ಸಲಾಯಿನ್ ತೀರುತ್ತ ಬಂದಿತು. ಡಾಕ್ಟರ ದಿಲೀಪ ಮಹಾಲನಬೀಸರು ಉಪ್ಪು, ಸಕ್ಕರೆ, ಸೋಡಾಗಳನ್ನು ನೀರಿನಲ್ಲಿ ಕಲಿಸಿ ಡ್ರಮ್ಮುಗಳಲ್ಲಿ ತುಂಬಿಸಿಟ್ಟು, ರೋಗಿಗಳ ಬಳಗದವರ ಕೈಯಿಂದಲೇ ಅದನ್ನು ಕುಡಿಸಿದರು. ತಾಯಂದಿರು, ಅಕ್ಕತಂಗಿಯರು ದಾದಿಯರಾದರು. ನೂರಕ್ಕೆ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗೆ ಇಳಿಯಿತು. ಇಂದು ಲೋಕವೆಲ್ಲ ಬಳಸುವ ಆ ಜೀವಜಲವನ್ನು ಪುಡಿಯ ಪಾಕೀಟು ಸಿಕ್ಕದಿದ್ದಾಗ ಮನೆಯಲ್ಲಿಯೂ ಮಾಡಬಹುದು: ಕಾಯಿಸಿ ಆರಿಸಿದ ಒಂದು ಲೀಟರು ನೀರಿಗೆ ಸಮತಟ್ಟಾದ ಆರು ಚಹದ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಇದನ್ನು ಪ್ರತಿಯೊಬ್ಬ ತಾಯಿಯೂ ಅರಿತಿರತಕ್ಕದ್ದು. ಕುಡಿಸುತ್ತಲೇ ದವಾಖಾನೆಗೆ ಒಯ್ಯತಕ್ಕದ್ದು.

ಇನ್ನು ಇತ್ತೀಚಿನ, ಸಮೀಪದ ಉದಾಹರಣೆಗೆ ಬರುವದಾದರೆ, ಮತ್ತೆ ಹುಬ್ಬಳ್ಳಿ ಧಾರವಾಡಗಳಿಗೇ ಹೋಗಬೇಕು. ಅಲ್ಲಿಯ ಬಹಳಷ್ಟು ಓಣಿಗಳಲ್ಲಿ ನಳದ ನೀರು ಹಲವು ದಿವಸಗಳಿಗೊಮ್ಮೆ ಬರುತ್ತಿತ್ತು. ಇದರಿಂದ ಬರಿಯ ತೊಂದರೆಯಷ್ಟೇ ಆಗುವದೆಂದು ಜನರು ಭಾವಿಸುವರು, ರೋಗವೂ ಆಗುವದು. ಪೈಪಿನಲ್ಲಿ ನೀರು ತುಂಬಿ ಒತ್ತಡವಿರುವಷ್ಟು ಕಾಲ ಬಿರುಕಿನಿಂದ ನೀರು ಹೊರಗೆ ಸೋರುವದು. ನೀರು ನಿಂತು ಪೈಪು ಬರಿದಾದೊಡನೆ ಅದೇ ಬಿರುಕಿನಿಂದ ಹೊರಗಿನ ಗಟಾರದ ಹೊಲಸು ಒಳಗೆ ಎಳೆಯಲ್ಪಡುವದು. ಮುಂದಿನ ಸಲ ಮೊದಲು ಬರುವ ಕೊಡದಲ್ಲಿ ಆ ಹೊಲಸೇ ಇರುವದು. ದಿವಸಗಟ್ಟಲೆ ತುಂಬಿಟ್ಟ ನೀರಿನಲ್ಲಿ ಕೈ ಅದ್ದಿದರೆ ಇನ್ನಷ್ಟು ಕೆಡುವದು. ಮುಚ್ಚದ ಹೌದಿನಲ್ಲಿ ಡೆಂಗಿಯ ಸೊಳ್ಳೆಯು ಮೊಟ್ಟೆಯಿಡುವದು.

2008ರಲ್ಲಿ ಹುಬ್ಬಳ್ಳಿ ಧಾರವಾಡ, ಬೆಳಗಾವಿ, ಕಲಬುರ್ಗಿಗಳ ಕೆಲವು ಆಯ್ದ ವಾರ್ಡುಗಳಲ್ಲಿ ಹಗಲಿರುಳೂ ನೀರು ಕೊಡುವ ವ್ಯವಸ್ಥೆ ಆರಂಭವಾಯಿತು. ಹೊಸ ಪೈಪು, ಮನೆಮನೆಗೆ ಮೀಟರು ಹಾಕುವದರ ಜೊತೆಗೆ, ಜನರಿಗೆ ತಿಳಿಸಿ ಹೇಳುವದಕ್ಕಾಗಿ ಸ್ವಯಂಸೇವಾ ಸಂಸ್ಥೆಗಳನ್ನು ನಿಯಮಿಸಿದ್ದರು. ನೀರಿನ ದರವೇನು, ಖಾಸಗಿ ಕಂಪನಿಗೆ ಈ ಕೆಲಸವೇಕೆ ಎಂದು ನಾಗರಿಕರು ಪ್ರಶ್ನೆಗಳನ್ನೂ ಎತ್ತಿದರು. ಪ್ರಶ್ನೆ ಕೇಳುವದೂ ಸಹಭಾಗಿತ್ವದ ಒಂದು ಅಂಗವೇ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹುಬ್ಬಳ್ಳಿ ಧಾರವಾಡದ 3,922 ಮನೆಗಳನ್ನು ಪರೀಕ್ಷಿಸಿ ನೋಡಿದರು. ಸತತ ನೀರು ಬರುವ ವಾರ್ಡುಗಳಲ್ಲಿ ಟೈಫಾಯಿಡ್ ಜ್ವರ ಕಂಡ ಮನೆಗಳು ನೂರಕ್ಕೆ 42ರಷ್ಟು ಕಡಿಮೆಯಾಗಿದ್ದವು; ಬಡವರ ಮನೆಗಳ ಚಿಕ್ಕ ಮಕ್ಕಳಲ್ಲಿ ರಕ್ತಭೇದಿಯೂ ಕಡಿಮೆಯಾಗಿತ್ತು. ಆದರೆ ಸಾಮಾನ್ಯ ಬೇಧಿಯಲ್ಲಿ ಎದ್ದು ಕಾಣುವ ಅಂತರ ದೊರೆಯಲಿಲ್ಲ. ಆ ಬೇಧಿಗೆ ನೀರೊಂದೇ ದಾರಿಯಲ್ಲ. ಕೈಯಿಂದ, ಅನ್ನದಿಂದ, ನೊಣದಿಂದ, ಮಣ್ಣಿನಿಂದಲೂ ಅದು ಬರುವದು. ಎಂದರೆ ಪೈಪು ಮಾಡಬಹುದಾದದ್ದನ್ನು ಪೈಪು ಮಾಡಿತು. ಉಳಿದ ಅರ್ಧವು ಮನೆಯ ಮತ್ತು ಓಣಿಯ ಕೈಯಲ್ಲಿ ಉಳಿಯಿತು. ಎರಡು ಕೈಗಳ ಮಾತು ಇಲ್ಲಿ ಅಂಕಿಗಳಿಂದಲೇ ಸಿದ್ಧವಾಯಿತು.

ಕಸದ ವಿಷಯದಲ್ಲಿ ನ್ಯಾಯ ಅನ್ಯಾಯಗಳ ಪ್ರಶ್ನೆಯೂ ಸೇರಿದೆ. ಬೆಂಗಳೂರು ನಗರವು ತನ್ನ ಕಸವನ್ನು ವರುಷಗಟ್ಟಲೆ ಮಾವಳ್ಳಿಪುರ, ಮಂಡೂರುಗಳಂಥ ಹಳ್ಳಿಗಳ ಮಗ್ಗುಲಲ್ಲಿ ಸುರಿಯಿತು. ಅಲ್ಲಿಯ ಅಂತರ್ಜಲ ಕೆಟ್ಟಿತು, ನೊಣ ನಾತಗಳಿಂದ ಬದುಕು ದುಸ್ತರವಾಯಿತು. ಹಳ್ಳಿಗರು ಎದ್ದು ನಿಂತರು. 2012ರಲ್ಲಿ ಮಾವಳ್ಳಿಪುರದಲ್ಲಿಯೂ 2014ರ ಕೊನೆಗೆ ಮಂಡೂರಿನಲ್ಲಿಯೂ ಕಸ ಸುರಿಯುವದು ನಿಂತಿತು. ತನ್ನ ಅಂಗಳದ ಕಸವನ್ನು ಪರರ ಅಂಗಳಕ್ಕೆ ತಳ್ಳಿ ಶುಚಿಯಾದೆನೆನ್ನುವವನ ದೋಷವೇ ಇಲ್ಲಿ ನಗರದ ಪ್ರಮಾಣಕ್ಕೆ ಬೆಳೆದಿತ್ತು. ಪರಿಹಾರವು ಮನೆಯಲ್ಲಿಯೇ ಇದೆ. ಹಸಿಯ ಕಸವನ್ನು ಒಣ ಕಸದೊಡನೆ ಕೂಡಿಸದಿದ್ದರೆ ಹಸಿಯದು ಗೊಬ್ಬರವಾಗುವದು, ಒಣದು ಮರಳಿ ಉಪಯೋಗಕ್ಕೆ ಬರುವದು. ಕೂಡಿಸಿದರೆ ಎರಡೂ ವಿಷವಾಗುವವು. 2016ರ ಘನತ್ಯಾಜ್ಯ ನಿಯಮಗಳು ಹೀಗೆ ಮನೆಯಲ್ಲಿಯೇ ಬೇರ್ಪಡಿಸತಕ್ಕದ್ದೆಂದು ವಿಧಿಸಿದವು. ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ನಾಗರಿಕರ ಒಕ್ಕೂಟವೂ ಸ್ವಸಹಾಯ ಸಂಘದ ಹೆಣ್ಣುಮಕ್ಕಳೂ ಕೂಡಿ ವಾರ್ಡಿನ ಕಸವನ್ನು ವಾರ್ಡಿನಲ್ಲಿಯೇ ಗೊಬ್ಬರ ಮಾಡಿ ತೋರಿಸಿದರು. ದೇಶದ ಸ್ವಚ್ಛನಗರಗಳ ಪಟ್ಟಿಯಲ್ಲಿ ಮೈಸೂರು 2015 ಮತ್ತು 2016ರಲ್ಲಿ ಮೊದಲನೆಯದಾಗಿ ಬಂದಿತು. ರೈತರ ನಾಡಾದ ಅಥಣಿ ಸೀಮೆಯಲ್ಲಿ ಗೊಬ್ಬರದ ಬೆಲೆಯನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ತಿಪ್ಪೆಯಲ್ಲಿ ಪ್ಲಾಸ್ಟಿಕ್ ಬೀಳದಂತೆ ನೋಡಿಕೊಂಡರೆ ಸಾಕು.

ಇಷ್ಟು ಹೇಳಿ ಒಂದು ಮಾತನ್ನು ಬಿಟ್ಟರೆ ಎಲ್ಲವೂ ಅಪೂರ್ಣ. “ಜನರು”, “ಸಮುದಾಯ” ಎಂದಾಗ ಯಾರನ್ನು ಎಣಿಸಲಾಗುತ್ತದೆ? ಗಟಾರವನ್ನು ತೆಗೆಯುವವನು ಆ ಎಣಿಕೆಯಲ್ಲಿ ಇದ್ದಾನೆಯೆ? ಶತಮಾನಗಳಿಂದ ಊರಿನ ಆರೋಗ್ಯವು ಒಂದು ವರ್ಗದವರ ತಲೆಯ ಮೇಲಿನ ಮಲದ ಬುಟ್ಟಿಯ ಮೇಲೆ ನಿಂತಿತ್ತು. ಅವರ ಆರೋಗ್ಯವನ್ನು ಕೇಳುವವರಿರಲಿಲ್ಲ. 1970ರ ದಶಕದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. 2013ರ ಕೇಂದ್ರ ಕಾಯದೆಯು ಮನುಷ್ಯರಿಂದ ಮಲ ಬಳಿಸುವದನ್ನೂ, ರಕ್ಷಣೆಯಿಲ್ಲದೆ ಮಲಗುಂಡಿಗೆ ಇಳಿಸುವದನ್ನೂ ಅಪರಾಧವೆಂದು ಸಾರಿತು. ಆದರೂ ಗುಂಡಿಗೆ ಇಳಿದು ಉಸಿರು ಕಟ್ಟಿ ಸತ್ತವರ ಸುದ್ದಿಯು ಪತ್ರಿಕೆಗಳಲ್ಲಿ ಬರುವದು ನಿಂತಿಲ್ಲ. ಪ್ರತಿವರುಷ ಸಪ್ಟಂಬರ 23ರಂದು ರಾಜ್ಯದಲ್ಲಿ ಪೌರಕಾರ್ಮಿಕರ ದಿನಾಚರಣೆ ನಡೆಯುವದು. ಅಂದು ಹಾಕಿದ ಶಾಲು ಮರುದಿವಸದ ಕೈಗವಸಿಗೆ ಬದಲಾಗದು.

ಶರಣರ ಪರಂಪರೆಯು ಇಲ್ಲಿ ಭಕ್ತರ ಮನಸ್ಸಾಕ್ಷಿಯನ್ನು ತಟ್ಟಬೇಕು. ಅಂಗಳ ಗುಡಿಸುವದೇ ಕಾಯಕವಾಗಿದ್ದ ಸತ್ಯಕ್ಕನು ಶರಣೆಯರ ಸಾಲಿನಲ್ಲಿ ಪೂಜ್ಯಳು. ಬಟ್ಟೆ ತೊಳೆಯುವ ಮಾಚಿದೇವರು ಶರಣರಲ್ಲಿ ಅಗ್ರಗಣ್ಯರು. ಕಾಯಕದಲ್ಲಿ ಮೇಲು ಕೀಳಿಲ್ಲವೆಂದು ಸಭೆಯಲ್ಲಿ ನುಡಿದು, ಕಸ ಎತ್ತುವವಳಿಗೆ ಕುಡಿಯುವ ನೀರನ್ನು ಹೊರಗಿನ ಲೋಟದಲ್ಲಿ ಕೊಟ್ಟರೆ ಆ ನುಡಿಯು ಯಾರಿಗೆ ಸಂದಿತು? ಊರಿನ ಆರೋಗ್ಯದ ಸಮಿತಿಯಲ್ಲಿ ಪೌರಕಾರ್ಮಿಕನಿಗೆ ಒಂದು ಸ್ಥಾನವಿರತಕ್ಕದ್ದು. ಯಾವ ಗಟಾರ ಎಲ್ಲಿ ಕಟ್ಟುವದು, ಯಾವ ಓಣಿಯವರು ಕಸವನ್ನು ಕೂಡಿಸಿ ಕೊಡುವರು ಎಂಬದನ್ನು ಅವನಷ್ಟು ಬಲ್ಲವರು ಆ ಊರಿನಲ್ಲಿ ಇನ್ನೊಬ್ಬರಿಲ್ಲ.

ಇನ್ನೊಂದು ಎಚ್ಚರವೂ ಅವಶ್ಯ. ಜನರ ಸಹಭಾಗಿತ್ವವೆಂದರೆ ಸರಕಾರದ ಹೊಣೆಯನ್ನು ಬಡವರ ಹೆಗಲಿಗೆ ಸಾಗಿಸುವದೆಂದು ತಿಳಿಯಬಾರದು. ನಳ ಹಾಕುವದು, ಗಟಾರ ಕಟ್ಟುವದು, ದವಾಖಾನೆಯಲ್ಲಿ ವೈದ್ಯರನ್ನೂ ಔಷಧವನ್ನೂ ಇರಿಸುವದು ಸರಕಾರದ ಧರ್ಮ. ತೆರಿಗೆ ಕೊಡುವ ಜನರು ಅದನ್ನು ಕೇಳಿ ಪಡೆಯುವದು ಜನರ ಧರ್ಮ. ಒಂದು ದಿವಸ ಕಸಬರಿಗೆ ಹಿಡಿದು ಚಿತ್ರ ತೆಗೆಸಿಕೊಳ್ಳುವದು ಸುಲಭ. ತಿಂಗಳಿಗೊಮ್ಮೆ ಪುರಸಭೆಗೆ ಹೋಗಿ, ನೀರಿನ ಪರೀಕ್ಷೆಯ ಫಲವೇನು, ನಮ್ಮ ವಾರ್ಡಿನ ಹಣವೆಲ್ಲಿ ಖರ್ಚಾಯಿತು ಎಂದು ವಿನಯದಿಂದ, ಆದರೆ ಬಿಡದೆ ಕೇಳುವದು ಕಠಿಣ. ಊರಿಗೆ ಬೇಕಾದದ್ದು ಈ ಎರಡನೆಯದು. ನಗರಗಳ ಬಡ ಬಡಾವಣೆಗಳಿಗಾಗಿ 2013ರಲ್ಲಿ ಆರಂಭವಾದ ರಾಷ್ಟ್ರೀಯ ನಗರ ಆರೋಗ್ಯ ಅಭಿಯಾನವು 50ರಿಂದ 100 ಮನೆಗಳಿಗೆ ಒಂದರಂತೆ ಮಹಿಳಾ ಆರೋಗ್ಯ ಸಮಿತಿಗಳನ್ನು ಯೋಜಿಸಿತು. ಹಳ್ಳಿಗಳಿಗಾಗಿ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆಯ ಸಮಿತಿಗಳು ಏರ್ಪಟ್ಟವು. ಆಶಾ ಕಾರ್ಯಕರ್ತೆಯರು ಅವುಗಳ ಜೀವಾಳ. ಇಂಥ ಸಮಿತಿಗಳು ಕಾಗದದ ಮೇಲೆ ಉಳಿಯುವವೋ ಓಣಿಯಲ್ಲಿ ನಡೆಯುವವೋ ಎಂಬದು ಆ ಓಣಿಯ ತಾಯಂದಿರು ಬಂದು ಕುಳಿತುಕೊಳ್ಳುವದರ ಮೇಲೆ ಅವಲಂಬಿಸಿದೆ.

ಹೀಗೆ ಕೂಡಿ ಕೆಲಸ ಮಾಡುವ ಶಕ್ತಿ ಈ ಸೀಮೆಯ ಜನರಲ್ಲಿ ಇಲ್ಲವೆಂದು ಯಾರೂ ಹೇಳಲಾರರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಕೂಡಿ ಹೂಡಿದ ಕರ್ನಾಟಕ ಲಿಂಗಾಯತ ವಿದ್ಯಾಸಂಸ್ಥೆಯು ದಾನಿಗಳ ದೇಣಿಗೆಯಿಂದಲೂ ಜನರ ವಿಶ್ವಾಸದಿಂದಲೂ ಬೆಳೆದು, 1963ರಲ್ಲಿ ವೈದ್ಯಕೀಯ ಮಹಾವಿದ್ಯಾಲಯವನ್ನೇ ಕಟ್ಟಿತು. 2019ರ ಆಗಸ್ಟದಲ್ಲಿ ಕೃಷ್ಣೆಯು ಉಕ್ಕಿ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ನದೀತೀರದ ಊರುಗಳನ್ನು ಮುಳುಗಿಸಿದಾಗ, ಅನ್ನ ಅರಿವೆಗಳನ್ನು ಹೊತ್ತು ಬಂದವರಿಗೆ ಕೊರತೆಯಿರಲಿಲ್ಲ. ಅನ್ನ ಕೊಡುವದರಲ್ಲಿ ಈ ನಾಡು ಎಂದೂ ಹಿಂದೆ ಬಿದ್ದಿಲ್ಲ. ಅನ್ನದೊಡನೆ ಶುದ್ಧ ನೀರನ್ನೂ, ಉಂಡ ಮೇಲಿನ ವ್ಯವಸ್ಥೆಯನ್ನೂ ಅಷ್ಟೇ ಶ್ರದ್ಧೆಯಿಂದ ಕೊಡುವದನ್ನು ಕಲಿಯಬೇಕಾಗಿದೆ.

ಆದುದರಿಂದ ಮಹೋತ್ಸವದ ನೆನಪಿಗಾಗಿ ಭಕ್ತರು ಕೈಕೊಳ್ಳಬಹುದಾದ ಕೆಲವು ಕೆಲಸಗಳನ್ನು ಸೂಚಿಸುವದು ಉಚಿತ. ಜಾತ್ರೆಗೆ ಒಂದು ತಿಂಗಳು ಮುಂಚೆಯೇ ಪಂಚಾಯತಿ, ಆರೋಗ್ಯ ಇಲಾಖೆ, ಮಠ, ದೇವಸ್ಥಾನ, ವ್ಯಾಪಾರಸ್ಥರು, ತಾಯಂದಿರು, ಕಸ ಎತ್ತುವವರು ಒಂದೇ ಜಮಖಾನದ ಮೇಲೆ ಕುಳಿತು ನೀರಿನ ಪ್ರತಿಯೊಂದು ಮೂಲವನ್ನು ಹೆಸರು ಹಿಡಿದು ಬರೆಯಬೇಕು. ಬಾವಿ, ಹೌದುಗಳ ತಿಳಿ ನೀರಿಗೆ ಸಾವಿರ ಲೀಟರಿಗೆ ಸುಮಾರು 2.5 ಗ್ರಾಮಿನಂತೆ ಒಳ್ಳೆಯ ಬ್ಲೀಚಿಂಗ್ ಪುಡಿಯನ್ನು ಆರೋಗ್ಯ ಇಲಾಖೆಯವರ ಮಾರ್ಗದರ್ಶನದಲ್ಲಿ ಬೆರೆಸಿ, ಒಂದು ತಾಸು ಬಿಟ್ಟ ಮೇಲೆಯೇ ಉಪಯೋಗಿಸಬೇಕು. ಕುಡಿಯುವ ನೀರಿನ ಹಂಡೆಗೆ ಉದ್ದ ಹಿಡಿಕೆಯ ಸೌಟು ಅಥವಾ ನಳ ಇರಬೇಕು, ಕೈ ಅದ್ದಬಾರದು. ಪಾಯಖಾನೆಗಳು ನೀರಿನಿಂದ ದೂರವಿರಬೇಕು. ಹೆಣ್ಣುಮಕ್ಕಳ ಪಾಯಖಾನೆಗೆ ಬೆಳಕೂ ಬಾಗಿಲೂ ಇರಬೇಕು. ದಾಸೋಹದಲ್ಲಿ ಎಲೆಯ ಪತ್ರಾವಳಿ ಅಥವಾ ತೊಳೆದ ತಾಟುಗಳ ಹೊರತು ಪ್ಲಾಸ್ಟಿಕ್ ಬರಬಾರದು. ಎದ್ದ ಎಲೆಗಳು ಆ ಸಂಜೆಗೇ ಗೊಬ್ಬರದ ಗುಂಡಿ ಸೇರಬೇಕು. ಬೇಧಿಯ ರೋಗಿ ಕಂಡೊಡನೆ ಸುದ್ದಿ ಮುಟ್ಟಿಸುವ ಹೊಣೆಯು ಒಬ್ಬೊಬ್ಬ ಗೊತ್ತಾದ ವ್ಯಕ್ತಿಯ ಮೇಲಿರಬೇಕು. ಜಾತ್ರೆ ಮುಗಿದ ಎಂಟನೆಯ ದಿವಸ ಅದೇ ಜನರು ಮತ್ತೆ ಕೂಡಿ, ಎಷ್ಟು ಜನರಿಗೆ ಬೇನೆಯಾಯಿತು, ಎಲ್ಲಿ ತಪ್ಪಿತು ಎಂಬದನ್ನು ಮರೆಮಾಡದೆ ಬರೆದಿಡಬೇಕು. ಮುಂದಿನ ವರುಷದ ಕೆಲಸವು ಆ ಪುಟದಿಂದ ಆರಂಭವಾಗುವದು.

ಇದೇ ಕ್ರಮವನ್ನು ಪಟ್ಟಣದ ಪ್ರತಿಯೊಂದು ವಾರ್ಡಿನಲ್ಲಿ ಭಕ್ತರು ನಡೆಸಬಹುದು. ಮಠದ ಲೆಕ್ಕದ ಪುಸ್ತಕಗಳ ಸಾಲಿನಲ್ಲಿ ಈ ಆರೋಗ್ಯದ ಪುಸ್ತಕಕ್ಕೂ ಒಂದು ಸ್ಥಳ ದೊರೆಯಲಿ. ಮುಂದಿನ ಮಹೋತ್ಸವದ ಹೊತ್ತಿಗೆ ಅದನ್ನು ತೆಗೆದು ಓದುವವರಿಗೆ, ಈ ಊರಿನಲ್ಲಿ ಕೆಟ್ಟ ನೀರಿನ ದೆಸೆಯಿಂದ ಯಾವ ಕೂಸೂ ಸಾಯಲಿಲ್ಲವೆಂಬ ಒಂದು ಸಾಲು ಕಾಣಿಸುವಂತಾಗಲಿ. ಬಸವಾದಿ ಪ್ರಮಥರ ಕೃಪೆಯು ಆ ಕಾಯಕಕ್ಕೆ ಬೆನ್ನಾಗಲಿ.